ತಂತಿಗೆ ಚುಚ್ಚಿಟ್ಟ 47 ಕೂಪನ್ನುಗಳು

ಚಿಕ್ಕಮಗಳೂರು,
ಶನಿವಾರ ರಾತ್ರಿ

ಪ್ರೀತಿಯ ಸೀನ,

ನೀನು ಮೆಸೇಜು ಹಾಕಿ ಹದಿನೈದು ದಿನ ಆಯಿತು. ‘ನಿಮ್ಮಜ್ಜ ಯುದ್ಧದ ಟೈಮಲ್ಲಿ ಇಲ್ಲೇ ವಿಮಾನದ ಫ್ಯಾಕ್ಟರಿಯಲ್ಲಿ ಇದ್ದರಂತಲ್ಲ, ಏನಾದರೂ ಹೇಳ್ತಿದ್ರಾ?’ ಅಂತ ಕೇಳಿದ್ದೆ. ಎರಡು ಸಾಲು ಬರೆದು ಮುಗಿಸೋಣ ಅಂದುಕೊಂಡೆ. ಅಷ್ಟರಲ್ಲಿ ಸುಮ್ನೆ ಇರಲಾರದೆ ಅಟ್ಟದ ಮೇಲಿದ್ದ ಅಜ್ಜಿಯ ಟ್ರಂಕು ಇಳಿಸಿದೆ. ಈಗ ಎರಡು ಸಾಲಿಗೆ ಮುಗಿಯುವ ಹಾಗಿಲ್ಲ. ಹೊರಗೆ ಮಳೆ ಹಿಡಿದಿದೆ, ಕರೆಂಟು ಹೋಗಿ ಬಂದು ಮಾಡುತ್ತಿದೆ, ಮನೆಯವರೆಲ್ಲ ಮಲಗಿದ್ದಾರೆ. ನಿಧಾನಕ್ಕೆ ಓದು.

ಟ್ರಂಕಿನಲ್ಲಿ ಒಂದು ಕೊಕ್ಕೆ ತಂತಿ ಸಿಕ್ಕಿತು. ಹಳೇ ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುತ್ತಿದ್ದರಲ್ಲ, ಅಂಥದ್ದು. ಅದರ ತುಂಬ ಮನಿಯಾರ್ಡರ್ ಕೂಪನ್ನುಗಳು. ಮನಿಯಾರ್ಡರ್ ಫಾರಮ್ಮಿನ ಕೆಳಗೆ ಒಂದು ತುಂಡು ಇರುತ್ತಿತ್ತು, ದುಡ್ಡು ಕಳಿಸಿದವರು ಅದರಲ್ಲಿ ಎರಡು ಮೂರು ಸಾಲು ಬರೆಯಬಹುದಿತ್ತು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಆ ತುಂಡು ಹರಿದು ಕೊಟ್ಟು ಹೋಗುತ್ತಿದ್ದ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಒಂದನ್ನೂ ಬಿಸಾಡಿಲ್ಲ. ಎಣಿಸಿದೆ, ಒಟ್ಟು 47. ಮೊದಲನೆಯದು 1942ರ ಫೆಬ್ರವರಿಯದು, ಕೊನೆಯದು 1946ರ ಏಪ್ರಿಲ್‌ದು. ತಂತಿಗೆ ತುಕ್ಕು ಹಿಡಿದು ಪ್ರತಿ ಕೂಪನ್ನಿನ ನಡುವೆ ಒಂದು ಕಂದು ಚುಕ್ಕೆ ಆಗಿದೆ. ಕುಂಕುಮ ಇಟ್ಟ ಹಾಗೆ ಕಾಣುತ್ತದೆ.

ಅಜ್ಜ ಬೆಂಗಳೂರಿಗೆ ಹೋಗಿದ್ದು ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದಕ್ಕೂ ಯುದ್ಧವೇ ಕಾರಣ. ಆಲ್ದೂರಿನ ಆಚೆ ನಮ್ಮದು ಸಣ್ಣ ಹಿಡುವಳಿ. ಒಂದಿಷ್ಟು ಗದ್ದೆ, ಅರ್ಧ ಎಕರೆ ಕಾಫಿ. ಬಿಡುವಿನಲ್ಲಿ ದೊರೆ ತೋಟದ ಕೂಲಿ. ಆಗ ನಮ್ಮ ಕಡೆಯ ಕಾಫಿ ಹೆಚ್ಚಾಗಿ ಯೂರೋಪಿಗೆ ಹೋಗುತ್ತಿತ್ತು. 1939ರ ಸೆಪ್ಟೆಂಬರಿನಲ್ಲಿ ಅಲ್ಲಿ ಯುದ್ಧ ಶುರುವಾಯಿತು ನೋಡು, ಹಡಗೂ ಇಲ್ಲ, ಕೊಳ್ಳುವವರೂ ಇಲ್ಲ. ಬೀಜ ಒಣಗಿಸಿ ಮೂಟೆ ಕಟ್ಟಿ ಇಟ್ಟವರು ಅದನ್ನೇ ನೋಡುತ್ತಾ ಕೂತರು. ಕಾಫಿ ಬೆಳೆಗಾರರು ಮುಳುಗಬಾರದು ಅಂತಲೇ 1940ರಲ್ಲಿ ಸುಗ್ರೀವಾಜ್ಞೆ ತಂದರು, 1942ರಲ್ಲಿ ಅದು ಕಾಯಿದೆಯಾಯಿತು. ಕಾಫಿ ಬೋರ್ಡು ಹುಟ್ಟಿದ್ದು ಹಾಗೆ. ಎಲ್ಲರೂ ಕಾಫಿಯನ್ನು ಒಂದೇ ಪೂಲ್‌ಗೆ ಕೊಡಬೇಕು, ಬೋರ್ಡು ಮಾರಿ ಕಂತಿನಲ್ಲಿ ದುಡ್ಡು ಕೊಡುತ್ತದೆ. ಈ ವ್ಯವಸ್ಥೆ ನಾವು ಕಾಲೇಜು ಮುಗಿಸುವ ಹೊತ್ತಿನವರೆಗೂ ಇತ್ತಲ್ವಾ? ನಿಮ್ಮಪ್ಪ ಈ ಪೂಲನ್ನು ಬೈಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಿಟ್ಲರ್ ಮಾಡಿದ ಕೆಲಸಕ್ಕೆ ಅವರು ಕಾಫಿ ಬೋರ್ಡನ್ನು ಬೈಯುತ್ತಿದ್ದರು ಅಷ್ಟೆ.

ಪೂಲ್ ಬಂತು ನಿಜ, ಆದರೆ ಅರ್ಧ ಎಕರೆಯವನ ಕೈಗೆ ಎಷ್ಟು ಬಂದೀತು? ಅಜ್ಜನಿಗೆ ಆಗ ಇಪ್ಪತ್ತು ವರ್ಷ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮೊದಲು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುವ ಯೋಚನೆ ಇತ್ತಂತೆ. ಅದು ಹತ್ತಿರ, ಅದಿರು ಹೋಗುತ್ತಿದ್ದದ್ದೂ ನಮ್ಮದೇ ಕೆಮ್ಮಣ್ಣುಗುಂಡಿಯಿಂದ. ಆದರೆ ಅಜ್ಜನ ಸೋದರಮಾವ ಬೆಂಗಳೂರಿನ ಹಲಸೂರಿನಲ್ಲಿ ಹೋಟೆಲ್ ಕೆಲಸಕ್ಕಿದ್ದ. ‘ಇಲ್ಲಿ ಏರೋಪ್ಲೇನ್ ಕಂಪನಿ ಶುರುವಾಗಿದೆ, ಕೈಕಾಲು ಗಟ್ಟಿ ಇದ್ದವರನ್ನು ತಗೊಳ್ತಿದ್ದಾರೆ, ಬಾ’ ಅಂತ ಕಾಗದ ಹಾಕಿದ.

ಆ ಪ್ರಯಾಣದ ಕಥೆ ಅಜ್ಜ ಸಾಯುವ ತನಕ ಹೇಳುತ್ತಿದ್ದ. ಇಲ್ಲಿಂದ ಕಡೂರಿಗೆ ಇದ್ದಿಲು ಬಸ್ಸು. ಪೆಟ್ರೋಲಿಗೆ ರೇಷನ್ ಬಂದಿತ್ತು, ಹಾಗಾಗಿ ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ ಕಟ್ಟಿ ಅದರಲ್ಲಿ ಇದ್ದಿಲು ಉರಿಸುತ್ತಿದ್ದರು. ಗಾಳಿ ಕಮ್ಮಿ ಬಿಟ್ಟು ಉರಿಸಿದರೆ ಬರುವ ಅನಿಲವನ್ನು ಸೋಸಿ ಇಂಜಿನಿಗೆ ಕೊಡುವುದು. ಬೆಳಿಗ್ಗೆ ಹೊರಡುವ ಮೊದಲು ಕ್ಲೀನರ್ ಹುಡುಗ ಕೈಯಲ್ಲಿ ಫ್ಯಾನು ತಿರುಗಿಸಿ ತಿರುಗಿಸಿ ಕೆಂಡ ಎಬ್ಬಿಸಬೇಕು. ಅವನ ಮುಖ ನೋಡಿದರೆ ಕಣ್ಣು ಹಲ್ಲು ಮಾತ್ರ ಬೆಳ್ಳಗೆ. ಏರು ಬಂದರೆ ಬಸ್ಸಿಗೆ ದಮ್ಮಿಲ್ಲ. ಎಲ್ಲರೂ ಇಳಿಯಬೇಕು, ಗಂಡಸರು ತಳ್ಳಬೇಕು. ‘ಟಿಕೆಟ್ ದುಡ್ಡು ಕೊಟ್ಟು ಬಸ್ಸನ್ನು ನಾವೇ ಕಡೂರು ಮುಟ್ಟಿಸಿದೆವು’ ಅನ್ನುತ್ತಿದ್ದ. ಕಡೂರಿಂದ ರೈಲು. ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಬೆಂಗಳೂರು. ಇಳಿದಾಗ ಮೈಯೆಲ್ಲ ಮಸಿ. ಸೋದರಮಾವ ಮೊದಲು ಮಾಡಿದ ಕೆಲಸ ನಲ್ಲಿ ಕೆಳಗೆ ಕೂರಿಸಿದ್ದು.

ಕಂಪನಿಯ ಕಥೆ ನಿನಗೆ ಗೊತ್ತಿರುತ್ತದೆ, ಅದರ ಕಾಂಪೌಂಡಿನ ಪಕ್ಕದಲ್ಲೇ ಇದ್ದೀಯ. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಮೈಸೂರು ಸರ್ಕಾರವನ್ನು ಜೊತೆಗಿಟ್ಟುಕೊಂಡು 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರು ಮಾಡಿದ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಬೆಂಗಳೂರೇ ಯಾಕೆ ಅಂದರೆ, ಸಮುದ್ರದಿಂದ ದೂರ, ಶಿವನಸಮುದ್ರದ ಕರೆಂಟು, ಊರಲ್ಲೇ ಟಾಟಾ ಇನ್‌ಸ್ಟಿಟ್ಯೂಟು (ಈಗಿನ ಐಐಎಸ್‌ಸಿ), ಒಳ್ಳೇ ಹವೆ. ಮೊದಲ ತರಬೇತಿ ವಿಮಾನ 1941ರಲ್ಲೇ ಹಾರಿತು. 1942ರ ಜುಲೈನಲ್ಲಿ ಹಾಕ್ ಅನ್ನುವ ಯುದ್ಧ ವಿಮಾನ. ಅಷ್ಟು ಹೊತ್ತಿಗೆ ಭಾರತ ಸರ್ಕಾರವೇ ಕಂಪನಿಯನ್ನು ವಹಿಸಿಕೊಂಡಿತ್ತು. 1943ರಲ್ಲಿ ಅಮೆರಿಕದ ವಾಯುಪಡೆಯವರು ಬಂದು ಕೂತರು. ಹೊಸ ವಿಮಾನ ಕಟ್ಟುವುದು ಬಿಟ್ಟು, ಬರ್ಮಾ ಚೀನಾ ಕಡೆ ಹಾರಿ ಬಳಲಿದ ವಿಮಾನಗಳನ್ನು ಬಿಚ್ಚಿ ರಿಪೇರಿ ಮಾಡಿ ವಾಪಸು ಕಳಿಸುವುದೇ ಕೆಲಸ.

ಅಜ್ಜನದು ರಿವಿಟ್ ಕೆಲಸ. ಇದನ್ನು ಅವನು ನನಗೆ ಊಟದ ತಟ್ಟೆ ಬೋರಲು ಹಾಕಿ ತೋರಿಸಿದ್ದ. ವಿಮಾನದ ಮೈ ಅಂದರೆ ತೆಳು ಅಲ್ಯೂಮಿನಿಯಂ ತಗಡು. ತಗಡಿಗೆ ತಗಡು ಸೇರಿಸಲು ಸಾವಿರಾರು ರಿವಿಟ್ಟು. ಒಬ್ಬ ಹೊರಗಿನಿಂದ ಗಾಳಿಯ ಗನ್ ಹಿಡಿದು ಹೊಡೆಯುತ್ತಾನೆ. ಇನ್ನೊಬ್ಬ ಒಳಗೆ ಕೂತು ರಿವಿಟ್ಟಿನ ಬಾಲಕ್ಕೆ ಒಂದು ಕಬ್ಬಿಣದ ತುಂಡು ಒತ್ತಿ ಹಿಡಿಯುತ್ತಾನೆ. ಅಜ್ಜ ಸಣಕಲ, ಅದಕ್ಕೆ ಒಳಗೆ ನುಗ್ಗುವ ಕೆಲಸ ಅವನಿಗೇ ಬಂತು. ವಿಮಾನದ ಬಾಲದ ಕಡೆ ಅಷ್ಟು ಕಿರಿದಾಗಿರುತ್ತದಂತೆ. ಹೊರಗಿನವನ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಬರೀ ತಟ್ಟುವ ಲೆಕ್ಕ. ಒಂದು ತಟ್ಟು ಅಂದರೆ ಇನ್ನೊಂದು ಸಲ ಹೊಡಿ, ಎರಡು ತಟ್ಟು ಅಂದರೆ ಸರಿಯಾಯಿತು, ಮುಂದಕ್ಕೆ ನಡಿ.

ಇನ್ನೊಂದು ವಿಚಿತ್ರ ಹೇಳುತ್ತಿದ್ದ. ಕೆಲವು ರಿವಿಟ್ಟುಗಳನ್ನು ಐಸಿನಲ್ಲಿ ಇಡುತ್ತಿದ್ದರಂತೆ. ನಾನು ಸಣ್ಣವನಿದ್ದಾಗ ಇದು ಬುರುಡೆ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ನಿಜ ಅಂತ ಗೊತ್ತಾಯಿತು. ಆ ಜಾತಿಯ ಅಲ್ಯೂಮಿನಿಯಂ ಅನ್ನು ಕಾಯಿಸಿ ತಟಕ್ಕನೆ ನೀರಿಗೆ ಅದ್ದಿದರೆ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ, ಆಮೇಲೆ ತಾನಾಗಿಯೇ ಗಟ್ಟಿಯಾಗುತ್ತದೆ. ತಣ್ಣಗಿಟ್ಟರೆ ಗಟ್ಟಿಯಾಗುವುದು ತಡ. ಹಾಗಾಗಿ ಐಸಿನಿಂದ ತೆಗೆದ ಕೂಡಲೇ ಹೊಡೆದು ಮುಗಿಸಬೇಕು. ಮಲೆನಾಡಿನ ಹುಡುಗ ಜೀವನದಲ್ಲಿ ಮೊದಲ ಸಲ ಐಸು ನೋಡಿದ್ದು ತಿನ್ನೋಕಲ್ಲ, ಬಾಂಬರ್ ವಿಮಾನದ ಮೊಳೆ ಎತ್ತಿಕೊಳ್ಳೋಕೆ.

ಈಗ ಕೂಪನ್ನಿಗೆ ಬರುತ್ತೇನೆ. ಒಂದು ಬಿಟ್ಟು ಎಲ್ಲದರಲ್ಲೂ 12 ರೂಪಾಯಿ. ಸೀನ, ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮ ಮನೆಗೆ ಅಲ್ಲಿಯವರೆಗೆ ದುಡ್ಡು ಬರುತ್ತಿದ್ದದ್ದು ಮಳೆ ನೋಡಿಕೊಂಡು. ಹೂ ಮಳೆ ಬಂದರೆ ಕಾಫಿ, ಮುಂಗಾರು ಬಂದರೆ ಭತ್ತ. ಸಾಹುಕಾರರ ಅಂಗಡಿಯಲ್ಲಿ ಸಾಲ ಬರೆಸಿ ಸುಗ್ಗಿಯಲ್ಲಿ ತೀರಿಸುವುದು. ಈಗ ತಿಂಗಳು ತಿಂಗಳು, ಅದೂ ಹೆಚ್ಚು ಕಮ್ಮಿ ಅದೇ ತಾರೀಕಿಗೆ, ಮಳೆ ಬರಲಿ ಬಿಡಲಿ, 12 ರೂಪಾಯಿ ಬಂದು ಬೀಳುತ್ತಿತ್ತು. ಮುತ್ತಜ್ಜ ಎರಡು ವರ್ಷದಲ್ಲಿ ಅಂಗಡಿ ಸಾಲ ತೀರಿಸಿದ. ನಮ್ಮ ವಂಶದಲ್ಲಿ ಸಂಬಳ ಅನ್ನುವ ಮಾತನ್ನು ಮೊದಲು ತಂದಿದ್ದು ಯುದ್ಧ. ನಿನಗೆ ಇದು ಕೇಳೋಕೆ ಚೆನ್ನಾಗಿರಲ್ಲ, ನನಗೂ ಬರೆಯೋಕೆ ಚೆನ್ನಾಗಿಲ್ಲ.

ಕೂಪನ್ನನ್ನು ಓದುತ್ತಿದ್ದವನು ಪೋಸ್ಟ್‌ಮ್ಯಾನ್. ಅದೂ ಜಗಲಿಯಲ್ಲಿ ನಿಂತು, ಗಟ್ಟಿಯಾಗಿ, ಅಕ್ಕಪಕ್ಕದವರೆಲ್ಲ ಸೇರಿದ ಮೇಲೆ. ಪಾಪ ಅಜ್ಜ, ಹೊಸ ಹೆಂಡತಿಗೆ ಏನು ಬರೆದಾನು? ‘ಎಲ್ಲರೂ ಕ್ಷೇಮ ತಾನೆ. ಕೆಂದಿ ಕರುವಿಗೆ ಮೇವು ಸರಿಯಾಗಿ ಹಾಕಿ, ಸೊರಗಲು ಬಿಡಬೇಡಿ.’ ಈ ಕೆಂದಿ ಕರು ಮೊದಮೊದಲ ಕೂಪನ್ನುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಮನೆಯಲ್ಲಿ ಆಗ ಕೆಂದಿ ಕರುವೇ ಇರಲಿಲ್ಲವಂತೆ. ಅಜ್ಜಿ ಎಂಬತ್ತು ದಾಟಿದ ಮೇಲೂ ಇದನ್ನು ಹೇಳುವಾಗ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು.

1942ರ ಏಪ್ರಿಲ್ ಕೂಪನ್ನು ಓದಿದರೆ ನಗು ಬರುತ್ತದೆ. ಆ ತಿಂಗಳು 5ನೇ ತಾರೀಕು ಜಪಾನಿನವರು ಕೊಲಂಬೊ ಮೇಲೆ ಬಾಂಬು ಹಾಕಿದರು, ಮಾರನೆಯ ದಿನ ವಿಶಾಖಪಟ್ಟಣದ ಮೇಲೆ. ಮದ್ರಾಸು ಖಾಲಿಯಾಗತೊಡಗಿತು. ಬೆಂಗಳೂರಿನಲ್ಲಿ ಕಿಟಕಿಗೆಲ್ಲ ಕಪ್ಪು ಕಾಗದ, ಸೈರನ್ ಅಭ್ಯಾಸ. ಅಜ್ಜ ಧೈರ್ಯ ಹೇಳೋಣ ಅಂತ ಬರೆದ: ‘ಹೆದರಬೇಡಿ. ಬಾಂಬು ಬಿದ್ದಿರುವುದು ಸಮುದ್ರದ ಹತ್ತಿರದ ಊರಿಗೆ. ಇಲ್ಲಿಗೆ ಸಮುದ್ರ ದೂರ.’ ಪೋಸ್ಟ್‌ಮ್ಯಾನ್ ಓದಿದ. ಜಗಲಿಯಲ್ಲಿ ಯಾರೋ ಬುದ್ಧಿವಂತ ಲೆಕ್ಕ ಹಾಕಿದ. ನಮ್ಮೂರಿಂದ ಚಾರ್ಮಾಡಿ ಇಳಿದರೆ ಮಂಗಳೂರು. ಬೆಂಗಳೂರಿಗಿಂತ ನಮಗೇ ಸಮುದ್ರ ಹತ್ತಿರ! ಆ ರಾತ್ರಿ ಊರಿನಲ್ಲಿ ಯಾರೂ ದೀಪ ಹಚ್ಚಲಿಲ್ಲವಂತೆ. ದೀಪಕ್ಕೆ ಸೀಮೆಎಣ್ಣೆಯೂ ಇರಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಕೂಪನ್ನು ಅಜ್ಜನ ಮರ್ಯಾದೆಯನ್ನೇ ತೆಗೆಯಿತು. ‘ಬೆಳ್ಳಂದೂರು ಕೆರೆಯಲ್ಲಿ ವಿಮಾನ ಬಾತುಕೋಳಿ ಹಾಗೆ ಇಳಿಯಿತು, ಕಣ್ಣಾರೆ ಕಂಡೆ’ ಅಂತ ಬರೆದಿದ್ದ. ಊರವರು ಬಿದ್ದು ಬಿದ್ದು ನಕ್ಕರು. ಬೆಂಗಳೂರಿಗೆ ಹೋಗಿ ಹುಡುಗ ಸುಳ್ಳು ಕಲಿತ ಅಂತ ಮುತ್ತಜ್ಜನಿಗೆ ಬೇಜಾರು. ಆದರೆ ಅದು ಸುಳ್ಳಲ್ಲ. ಕ್ಯಾಟಲೀನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ರಿಪೇರಿಗೆ ಬರುತ್ತಿದ್ದವು, ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಕೆಲವು ವರ್ಷದ ಹಿಂದೆ ನೊರೆ ಉಕ್ಕಿ, ಬೆಂಕಿ ಹತ್ತಿ ಟೀವಿಯಲ್ಲಿ ಬಂದಿತ್ತಲ್ಲ, ಅದೇ ಕೆರೆ. ನೀನು ದಿನಾ ಮೂಗು ಮುಚ್ಚಿಕೊಂಡು ದಾಟುವ ಜಾಗ. ಇವತ್ತು ಅಜ್ಜ ಬಂದು ಹೇಳಿದರೆ ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳೂ ನಂಬಲಿಕ್ಕಿಲ್ಲ.

ದಂಡಿನ (ಕಂಟೋನ್ಮೆಂಟಿನ) ಕಡೆ ಎಲ್ಲಿ ನೋಡಿದರೂ ಸೋಲ್ಜರುಗಳು, ಜಟಕಾದಲ್ಲಿ ಅಮೆರಿಕದವರು, ಜಾಲಹಳ್ಳಿ ಕಡೆ ಆಫ್ರಿಕಾದಲ್ಲಿ ಸೆರೆ ಸಿಕ್ಕಿದ ಇಟಲಿಯ ಕೈದಿಗಳ ಕ್ಯಾಂಪು. ಬಿನ್ನಿ ಮಿಲ್ಲಿನಲ್ಲಿ ಮಿಲಿಟರಿಗೆ ಖಾಕಿ ಬಟ್ಟೆ. ನಮ್ಮ ರೇಷ್ಮೆ ಪ್ಯಾರಾಚೂಟಿಗೆ. ಇವೆಲ್ಲ ಅಜ್ಜ ಹಾದಿಯಲ್ಲಿ ಕಂಡದ್ದು, ಕೇಳಿದ್ದು. ಅವನ ಲೋಕ ಇಷ್ಟೇ: ಹಲಸೂರಿನ ಒಂದು ಕೋಣೆ, ಏಳು ಜನ, ಮೂರು ಚಾಪೆ. ಬೆಳಗಿನ ಪಾಳಿಯವರು ಎದ್ದರೆ ರಾತ್ರಿ ಪಾಳಿಯವರು ಅದೇ ಚಾಪೆಯಲ್ಲಿ ಉರುಳುವುದು. ಚಾಪೆ ತಣ್ಣಗಾಗಿದ್ದನ್ನೇ ನೋಡಿಲ್ಲ ಅನ್ನುತ್ತಿದ್ದ.

ಊಟದ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲಿ ಯುದ್ಧದ ಬಗ್ಗೆ ಜಗಳ ಅಂತ ಆಗುತ್ತಿದ್ದದ್ದು ಇದರ ಮೇಲೆಯೇ. 1942ರ ಮಾರ್ಚಿನಲ್ಲಿ ರಂಗೂನು ಜಪಾನಿನವರ ಕೈಗೆ ಬಿತ್ತು. ಬರ್ಮಾದ ಅಕ್ಕಿ ನಿಂತಿತು. ಅಕ್ಕಿ ಚಿನ್ನ ಆಯಿತು. ಪೇಟೆಗಳಿಗೆ ರೇಷನ್ ಕಾರ್ಡು ಬಂತು. ಅಜ್ಜನಿಗೂ ಒಂದು ಕಾರ್ಡು. ಅಕ್ಕಿ ಇಷ್ಟು, ಉಳಿದಿದ್ದಕ್ಕೆ ಗೋಧಿಯೋ ಜೋಳವೋ ಹಿಡಿ. ಕಡುಬು, ಅಕ್ಕಿ ರೊಟ್ಟಿ ತಿಂದು ಬೆಳೆದವನಿಗೆ ಗೋಧಿ ಕೊಟ್ಟರೆ ಏನು ಮಾಡಿಯಾನು? ಮೊದಲ ಸಲ ಅದನ್ನು ಬೇಯಿಸಿ ಗಂಜಿ ಹಾಗೆ ಕುಡಿದರಂತೆ. ಆಮೇಲೆ ಕೋಣೆಯಲ್ಲಿದ್ದ ಧಾರವಾಡದ ಕಡೆಯವನೊಬ್ಬ ಚಪಾತಿ ಕಲಿಸಿದ. ರವೆ ಇಡ್ಲಿಯೂ ಆ ಕಾಲದ್ದೇ, ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದೆವು ಅಂತ ಎಂಟಿಆರ್‌ನವರು ಹೇಳುತ್ತಾರೆ. ಅಜ್ಜ ಮಾತ್ರ ಕೊನೆಯವರೆಗೂ ರವೆ ಇಡ್ಲಿ ಮುಟ್ಟಲಿಲ್ಲ. ‘ಅದು ಯುದ್ಧದ ಇಡ್ಲಿ’ ಅನ್ನುತ್ತಿದ್ದ.

ಇದು ಅಜ್ಜನ ಕಡೆಯ ಮಾತು. ಅಜ್ಜಿಯ ಕಡೆಯದು ಬೇರೆ. ಪೇಟೆಯವರಿಗೆ ರೇಷನ್ ಕೊಡಬೇಕಲ್ಲ, ಅದು ಬರಬೇಕಾದ್ದು ಎಲ್ಲಿಂದ? ಲೆವಿ. ಇಷ್ಟು ಗದ್ದೆಗೆ ಇಷ್ಟು ಖಂಡುಗ ಭತ್ತ ಸರ್ಕಾರಕ್ಕೆ ಅಳೆಯಬೇಕು, ಅವರು ಹೇಳಿದ ರೇಟಿಗೆ. ಮುಚ್ಚಿಟ್ಟರೆ ಅಮಲ್ದಾರರ (ಈಗಿನ ತಹಸೀಲ್ದಾರರ) ಕಡೆಯವರು ಬಂದು ಕಣಜಕ್ಕೆ ಕೋಲು ಇಳಿಸಿ ನೋಡುತ್ತಿದ್ದರು. ಅಜ್ಜಿ ಒಂದು ಸಲ ಬಾಣಂತಿ ಕೋಣೆಯಲ್ಲಿ, ತಾನು ಮಲಗಿದ ಮಂಚದ ಕೆಳಗೆ, ಎರಡು ಮೂಟೆ ಭತ್ತ ಬಚ್ಚಿಟ್ಟಿದ್ದಳು. ಬಾಣಂತಿ ಕೋಣೆಗೆ ಯಾರು ನುಗ್ಗುತ್ತಾರೆ? ಹಾಗೆ ಉಳಿಯಿತು. ‘ಗದ್ದೆ ನಮ್ದು, ನಾಟಿ ನಾವು ಮಾಡಿದ್ದು, ಕಳ್ಳರ ಹಾಗೆ ಬಚ್ಚಿಟ್ಟು ಉಂಡೆವು. ಇವರು ಅಲ್ಲಿ ಕಾರ್ಡು ತೋರಿಸಿ ರಾಜಾರೋಷವಾಗಿ ತಗೊಂಡ್ರು’ ಅನ್ನುತ್ತಿದ್ದಳು. ಅಜ್ಜ ಸುಮ್ಮನಾಗುತ್ತಿದ್ದ. ನಮ್ಮ ಗದ್ದೆಯ ಅಕ್ಕಿಗೇ ಅಜ್ಜ ಹಲಸೂರಿನ ಡಿಪೋ ಮುಂದೆ ಕ್ಯೂ ನಿಂತಿದ್ದರೂ ಆಶ್ಚರ್ಯವಿಲ್ಲ.

ಅಜ್ಜ ಸುಮ್ಮನಾಗುತ್ತಿದ್ದ ಇನ್ನೊಂದು ವಿಷಯ 1942ರ ಆಗಸ್ಟು. ಕ್ವಿಟ್ ಇಂಡಿಯಾ ಬೆಂಗಳೂರಿನಲ್ಲೂ ಜೋರಾಗಿಯೇ ನಡೆಯಿತು. ಕಾರ್ಖಾನೆಗಳಲ್ಲಿ ಮುಷ್ಕರ, ಬೀದಿಯಲ್ಲಿ ಗೋಲಿಬಾರ್. ಶಿಕಾರಿಪುರದ ಈಸೂರಿನಲ್ಲಿ ಜನ ತಮ್ಮದೇ ಸರ್ಕಾರ ಅಂತ ಸಾರಿದರು, 1943ರ ಮಾರ್ಚಿನಲ್ಲಿ ಅಲ್ಲಿನ ಐದು ಜನರನ್ನು ಗಲ್ಲಿಗೇರಿಸಿದರು. ಆ ಆಗಸ್ಟಿನ ಕೂಪನ್ನು ನನ್ನ ಮುಂದೆಯೇ ಇದೆ. ‘ಕ್ಷೇಮ’ ಅಂತ ಒಂದೇ ಶಬ್ದ. ಕೆಂದಿ ಕರು ಕೂಡ ಇಲ್ಲ. ನೀನು ಆಗ ಏನು ಮಾಡಿದೆ ಅಜ್ಜ ಅಂತ ಹೈಸ್ಕೂಲಿನಲ್ಲಿದ್ದಾಗ ಕೇಳಿದ್ದೆ. ಆಗಸ್ಟ್ ಹದಿನೈದಕ್ಕೆ ಭಾಷಣ ಬರೆಯಬೇಕಿತ್ತು ನನಗೆ. ‘ಪಾಳಿಗೆ ಹೋದೆ’ ಅಂದ. ಭಾಷಣದಲ್ಲಿ ಅದನ್ನು ಬಿಟ್ಟು ಬೇರೆ ಬರೆದೆ. ಅಜ್ಜ ಹೇಡಿ ಅನ್ನಿಸಿತ್ತು ಆಗ. ಈಗ 12 ರೂಪಾಯಿಯ ಈ ಕೂಪನ್ನುಗಳನ್ನು ಮುಂದಿಟ್ಟುಕೊಂಡು ಹಾಗನ್ನಲು ನಾಲಿಗೆ ಏಳುವುದಿಲ್ಲ.

ಟ್ರಂಕಿನಲ್ಲಿ ಇನ್ನೊಂದು ವಸ್ತು ಇತ್ತು ಕಣೋ. ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ್ದು. ಬಿಚ್ಚಿದರೆ ಕಪ್ಪು ದಾರ, ದಾರಕ್ಕೆ ಒಂದು ತೂತು ಕಾಸು.

ಯುದ್ಧ ಬಂದ ಮೇಲೆ ದುಡ್ಡಿನ ರೂಪವೇ ಬದಲಾಯಿತು. ಬೆಳ್ಳಿ ರೂಪಾಯಿಯಲ್ಲಿ ಬೆಳ್ಳಿ ಕಮ್ಮಿ ಮಾಡಿದರು. 1940ರಲ್ಲಿ ಒಂದು ರೂಪಾಯಿ ನೋಟು ತಂದರು, 1943ರಲ್ಲಿ ಎರಡು ರೂಪಾಯಿ ನೋಟು. ಚಿಲ್ಲರೆಗೆ ಬರ ಬಂತು. ತಾಮ್ರ ಉಳಿಸೋಕೆ 1943ರಿಂದ ಕಾಸಿನ ನಡುವೆ ದೊಡ್ಡ ತೂತು ಹಾಕಿ ಹೊಡೆಯತೊಡಗಿದರು. ನಾಣ್ಯ ಅನ್ನುವುದಕ್ಕಿಂತ ವಾಷರ್ ಅನ್ನಬೇಕು. ದೊಡ್ಡವರು ಇದೇನು ಕಾಸು ಅಂತ ಮೂಗು ಮುರಿದರು. ತಾಯಂದಿರಿಗೆ ಅನುಕೂಲವಾಯಿತು. ಮಗುವಿನ ಉಡಿದಾರಕ್ಕೆ ಪೋಣಿಸಲು ತೂತು ಕೊರೆಯುವ ತಾಪತ್ರಯವೇ ಇಲ್ಲ.

ಅಜ್ಜಿಯ ಮೊದಲ ಮಗು ಹೆಣ್ಣು. 1943ರ ಮುಂಗಾರಿನಲ್ಲಿ ಹುಟ್ಟಿದ್ದು, ಮಂಚದ ಕೆಳಗೆ ಭತ್ತ ಇಟ್ಟುಕೊಂಡು. ಅಜ್ಜಿ ಅದನ್ನು ಯಾವಾಗಲೂ ಕೂಸು ಅನ್ನುತ್ತಿದ್ದಳು, ಹೆಸರು ಹೇಳುತ್ತಿರಲಿಲ್ಲ. ಮುಂದಿನ ವರ್ಷ ಮಳೆಗಾಲದಲ್ಲಿ ಕೂಸಿಗೆ ಚಳಿಜ್ವರ ಹತ್ತಿತು. ಮಲೆನಾಡಿನಲ್ಲಿ ಚಳಿಜ್ವರ ಹೊಸದೇನಲ್ಲ, ಮನೆಮನೆಯಲ್ಲೂ ಇತ್ತು. ಅದಕ್ಕೆ ಮದ್ದೂ ಇತ್ತು, ಕ್ವಿನೈನು. ಆದರೆ ಜಗತ್ತಿಗೆಲ್ಲ ಹೆಚ್ಚುಕಮ್ಮಿ ಕ್ವಿನೈನಿನ ತೊಗಟೆ ಬರುತ್ತಿದ್ದದ್ದು ಜಾವಾದಿಂದ. 1942ರಲ್ಲಿ ಜಾವಾ ಕೂಡ ಜಪಾನಿನವರ ಕೈಗೆ ಹೋಯಿತು. ನೀಲಗಿರಿಯಲ್ಲಿ ಸಿಂಕೋನಾ ತೋಟ ಇತ್ತು, ಎಲ್ಲಿಗೆ ಸಾಲಬೇಕು? ಇದ್ದಬದ್ದದ್ದು ಮೊದಲು ಮಿಲಿಟರಿಗೆ. ಮುತ್ತಜ್ಜ ದೊರೆ ತೋಟದ ಕಾಂಪೌಂಡರ್ ಹತ್ತಿರ ಓಡಿದ, ಇರಲಿಲ್ಲ. ಚಿಕ್ಕಮಗಳೂರಿಗೆ ಬಂದ. ಅಂಗಡಿಯೊಂದರಲ್ಲಿ ಇದೆ ಅಂದರು, ಹತ್ತು ಪಟ್ಟು ರೇಟು. ಕೊಟ್ಟು ತಂದ. ಕುಟ್ಟಿ ಜೇನಿನಲ್ಲಿ ಕಲಸಿ ನೆಕ್ಕಿಸಿದರೆ ಕಹಿಯೇ ಇಲ್ಲ. ಸೀಮೆಸುಣ್ಣ. ನಾಲ್ಕನೇ ದಿನ ಬೆಳಗಿನ ಜಾವ ಕೂಸು ಹೋಯಿತು.

‘ದುಡ್ಡಿತ್ತು ಕಣೋ. ಮಾತ್ರೆ ಇರಲಿಲ್ಲ.’ ಅಜ್ಜಿ ಇಷ್ಟೇ ಹೇಳುತ್ತಿದ್ದಳು.

ಅಜ್ಜನಿಗೆ ಟೆಲಿಗ್ರಾಂ ಮುಟ್ಟಿ, ರಜೆ ಸಿಕ್ಕಿ, ರೈಲು ಹಿಡಿದು, ಇದ್ದಿಲು ಬಸ್ಸು ತಳ್ಳಿಕೊಂಡು ಬರುವಷ್ಟರಲ್ಲಿ ಒಂಬತ್ತು ದಿನ. ಎರಡು ರಾತ್ರಿ ಇದ್ದು ವಾಪಸು ಹೋದ. ಆ ಮುಂದಿನ ತಿಂಗಳ ಕೂಪನ್ನಿನಲ್ಲಿ 25 ರೂಪಾಯಿ ಇದೆ. ಸಾಲ ಮಾಡಿರಬೇಕು. ಬರೆಯುವ ಜಾಗ ಖಾಲಿ. ಅವತ್ತು ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಏನು ಓದಿದನೋ. ಅದಾದ ಮೇಲಿನ ಯಾವ ಕೂಪನ್ನಿನಲ್ಲೂ ಕೆಂದಿ ಕರುವಿನ ಸುದ್ದಿ ಇಲ್ಲ. ಇವತ್ತು ಮಧ್ಯಾಹ್ನ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿದಾಗಲೇ ನನಗೆ ಇದು ಕಂಡದ್ದು.

ನೋಡು, ವಿಮಾನ ರಿಪೇರಿ ಮಾಡಿ ಅಜ್ಜ ಬರ್ಮಾ ಕಡೆ ಕಳಿಸುತ್ತಿದ್ದ, ಆ ವಿಮಾನದಲ್ಲಿ ಮಿಲಿಟರಿಗೆ ಮದ್ದೂ ಹೋಗುತ್ತಿದ್ದೀತು. ಹೀಗೆಲ್ಲ ಜೋಡಿಸಿ ಯೋಚನೆ ಮಾಡಬಾರದು ಅಂತ ನನಗೂ ಗೊತ್ತು. ಆದರೂ ಬರುತ್ತದೆ. ಮಲೆನಾಡಿನ ಚಳಿಜ್ವರವನ್ನು ಕೊನೆಗೆ ಇಳಿಸಿದ ಸೊಳ್ಳೆಮದ್ದು ಡಿಡಿಟಿ ಕೂಡ ಮಿಲಿಟರಿಯವರು ಯುದ್ಧದಲ್ಲೇ ಬಳಸಿ ನೋಡಿದ್ದು. ಅದು ಬಂದ ಮೇಲೆ, 1948ರಲ್ಲಿ, ಅಪ್ಪ ಹುಟ್ಟಿದ್ದು.

ಯುದ್ಧ ಮುಗಿಯಿತು. ಅಮೆರಿಕದವರು ಹೋದರು. ಕಂಪನಿಯಲ್ಲಿ ಯುದ್ಧದ ಕೆಲಸ ಇಳಿಯಿತು, ಮುಂದೆ ಅಲ್ಲಿ ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟಿದರು. ಅಜ್ಜ ಇರಬಹುದಿತ್ತು. ಅವನ ಕೋಣೆಯ ಏಳು ಜನರಲ್ಲಿ ನಾಲ್ವರು ಅಲ್ಲೇ ಉಳಿದರು, ಸೈಟು ತಗೊಂಡರು, ಅವರ ಮೊಮ್ಮಕ್ಕಳು ಈಗ ನಿನ್ನ ಅಕ್ಕಪಕ್ಕದಲ್ಲೇ ಇದ್ದಾರು. ಬೆಂಗಳೂರಿನ ಜನಸಂಖ್ಯೆ 1941ರಲ್ಲಿ 4 ಲಕ್ಷ ಚಿಲ್ಲರೆ, 1951ರಲ್ಲಿ ಸುಮಾರು 7 ಲಕ್ಷ 79 ಸಾವಿರ. ಹತ್ತೇ ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಟೆಲಿಫೋನ್ ಕಾರ್ಖಾನೆ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಐಟಿಯವರು ಬಂದು ಬೆಂಗಳೂರು ಕೆಡಿಸಿದರು ಅಂತ ನೀನು ಯಾವಾಗಲೂ ಗೊಣಗುತ್ತೀಯ. ಊರವರನ್ನು ಪಾಳಿಗೆ, ಬಾಡಿಗೆ ಕೋಣೆಗೆ, ಕ್ಯೂಗೆ ಒಗ್ಗಿಸಿದ ಕೆಲಸ ಅದಕ್ಕೂ ಮೊದಲೇ, ಆ ಐದಾರು ವರ್ಷದಲ್ಲಿ ಆಗಿಹೋಗಿತ್ತು ಮಾರಾಯ.

ಮುತ್ತಜ್ಜ ಹಾಸಿಗೆ ಹಿಡಿದಿದ್ದ ಅಂತ ಅಜ್ಜ 1946ರ ಬೇಸಿಗೆಯಲ್ಲಿ ವಾಪಸು ಬಂದ. ಉಳಿಸಿದ್ದ ದುಡ್ಡಿನಲ್ಲಿ ಕಾಫಿಯನ್ನು ಅರ್ಧ ಎಕರೆಯಿಂದ ಮೂರು ಎಕರೆ ಮಾಡಿದ. ಊರಿನಲ್ಲಿ ಎಲ್ಲರೂ ಪೂಲ್ ಬೈದರೆ ಇವನೊಬ್ಬ ಬೈಯುತ್ತಿರಲಿಲ್ಲ. ಕಂತು ಕಂತಾಗಿ ದುಡ್ಡು ಬರುವುದು ಅವನಿಗೆ ಸಂಬಳದ ಹಾಗೇ ಕಾಣುತ್ತಿತ್ತೇನೋ. ಐದಕ್ಕೆ ಏಳುವುದು, ಹನ್ನೆರಡಕ್ಕೆ ಸರಿಯಾಗಿ ತಟ್ಟೆ ಮುಂದೆ ಕೂರುವುದು ಬಿಡಲಿಲ್ಲ. ಇನ್ನೊಂದು ಚಾಳಿಯೂ ಹೋಗಲಿಲ್ಲ. ಯಾವುದೇ ವಸ್ತುವನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡುವುದು. ಬಾಗಿಲು, ಹಂಡೆ, ಹೊಸ ಸೈಕಲ್ಲು, ನಮ್ಮ ಕೈಗೆ ಹಾಕಿದ ಪ್ಲಾಸ್ಟರ್ರು. ಎರಡು ಸಲ ತಟ್ಟಿ ‘ಸರಿ, ಮುಂದಕ್ಕೆ’ ಅನ್ನುತ್ತಿದ್ದ. ಕೊನೆಗಾಲದಲ್ಲಿ ಮಾತು ನಿಂತಿತ್ತು. ಅಜ್ಜಿ ಗಂಜಿ ಕುಡಿಸಿದರೆ ಮಂಚದ ಪಟ್ಟಿಗೆ ಒಂದು ತಟ್ಟುತ್ತಿದ್ದ ಅಥವಾ ಎರಡು. ಅಜ್ಜಿಗೆ ಅರ್ಥವಾಗುತ್ತಿತ್ತು.

ಕೂಪನ್ನುಗಳ ಫೋಟೋ ತೆಗೆದು ಕಳಿಸುತ್ತೇನೆ. 1945ರದ್ದು ಮೂರು ಕೂಪನ್ನಿನ ಶಾಯಿ ಪೂರ್ತಿ ಹರಡಿದೆ, ನನ್ನ ಕನ್ನಡಕಕ್ಕೆ ಸಿಕ್ಕುತ್ತಿಲ್ಲ. ನಿನ್ನ ಮಗಳು ಕಂಪ್ಯೂಟರಿನಲ್ಲಿ ಏನೇನೋ ಮಾಡುತ್ತಾಳಲ್ಲ, ಅವಳಿಗೆ ತೋರಿಸು. ಕೆಂದಿ ಕರು ಅಂತ ಎಲ್ಲಾದರೂ ಕಂಡರೆ ತಕ್ಷಣ ಫೋನು ಮಾಡು, ರಾತ್ರಿಯಾದರೂ ಪರವಾಗಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಪಾರ್ಸೆಲ್ ಹಾಕುತ್ತಿದ್ದೇನೆ. ಎರಡು ಕೆಜಿ ಪುಡಿ, ಚಿಕೋರಿ ಇಲ್ಲದ್ದು, ಮನೆ ತೋಟದ್ದೇ. ಸ್ವಲ್ಪ ಏಲಕ್ಕಿಯೂ ಇದೆ. ಮಧ್ಯಾಹ್ನದ ಹೊತ್ತಿಗೆ ಮೆಜೆಸ್ಟಿಕ್ ಮುಟ್ಟುತ್ತದೆ. ಕಂಡಕ್ಟರ್ ನಂಬರು ಮೆಸೇಜು ಮಾಡುತ್ತೇನೆ, ತಡ ಮಾಡದೆ ಹೋಗಿ ಇಳಿಸಿಕೋ.

ನಿನ್ನ,
ಮಂಜ